ನಡುಗೋಡೆಯೂ ಶಾಶ್ವತ ಶಾಂತಿಯೂ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಾವು ಕೂಡಿದ್ದೇವೆ. ಇಂಥ ಸಂದರ್ಭದಲ್ಲಿ ಕಟ್ಟಿದವರನ್ನು ಸ್ಮರಿಸುವುದು ವಾಡಿಕೆ. ಅದು ಯೋಗ್ಯವೂ ಹೌದು. ಕಲ್ಲು ಸೀಳಿದವರು, ಸುಣ್ಣ ಅರೆದವರು, ಬೇಸಿಗೆಯ ಬಿಸಿಲಿನಲ್ಲಿ ಕೊಡ ಹೊತ್ತು ನೀರು ತಂದವರು, ಇವರ ಹೆಸರುಗಳಲ್ಲಿ ಹೆಚ್ಚಿನವು ಯಾವ ಶಿಲಾಫಲಕದ ಮೇಲೂ ಇಲ್ಲ. ಅವು ದೇವರ ಜೀವಗ್ರಂಥದಲ್ಲಿ ಬರೆಯಲ್ಪಟ್ಟಿವೆ ಎಂಬುದೇ ನಮ್ಮ ನಂಬಿಕೆ. ಅವರೆಲ್ಲರ ಆತ್ಮಕ್ಕೆ ಪ್ರಭುವು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ.

ಆದರೆ ಕೇವಲ ಸ್ಮರಣೆಯಲ್ಲಿ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಶತಮಾನೋತ್ಸವದ ಸ್ಮಾರಕವಾಗಿ ಹೊಸ ಕಟ್ಟಡದ ನಕ್ಷೆಯೊಂದು ಸಿದ್ಧವಾಗುತ್ತಿರುವ ಈ ಹೊತ್ತಿನಲ್ಲಿ ಮತ್ತೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಉಚಿತ. ಮನುಷ್ಯನು ಕಟ್ಟುವ ಗೋಡೆ, ಬಾಗಿಲು, ಬಾವಿ, ಬೀದಿ, ಇವು ಮನುಷ್ಯನಿಗೆ ಏನನ್ನು ಬೋಧಿಸುತ್ತವೆ? ಗುರುವು ವಾರಕ್ಕೊಮ್ಮೆ ಬೋಧಿಸುತ್ತಾನೆ, ಗೋಡೆಯಾದರೋ ಹಗಲಿರುಳು ಬೋಧಿಸುತ್ತದೆ. ದ್ವೇಷದಿಂದ ಹುಟ್ಟಿದ ಗೋಡೆ ಕಟ್ಟಿದವನ ಮರಣಾನಂತರವೂ ಅವನ ಮೊಮ್ಮಕ್ಕಳಿಗೆ ದ್ವೇಷವನ್ನು ಕಲಿಸುತ್ತಲೇ ಇರುತ್ತದೆ. ಆದುದರಿಂದ ಶಾಂತಿಯು ಶಾಶ್ವತವಾಗಬೇಕಾದರೆ ಅದನ್ನು ಬಾಯಿಯಿಂದ ಸಾರಿದರೆ ಸಾಲದು, ಕೈಯಿಂದ ಕಟ್ಟಬೇಕು. ಇದೇ ಇಂದಿನ ನಮ್ಮ ಮಾತಿನ ತಿರುಳು.

ಮೊದಲು ಎರಡು ಕಲ್ಲುಗಳ ವಿಷಯವನ್ನು ಹೇಳಬೇಕು. ಒಂದು ದೂರದ್ದು, ಮತ್ತೊಂದು ನಮ್ಮದೇ ನೆಲದ್ದು.

ಪ್ರಭು ಯೇಸುವಿನ ಕಾಲದಲ್ಲಿ ಜೆರುಸಲೇಮಿನ ಮಹಾದೇವಾಲಯದಲ್ಲಿ ಹೊರಗಿನ ಅಂಗಳಕ್ಕೂ ಒಳಗಿನ ಅಂಗಳಕ್ಕೂ ನಡುವೆ ಒಂದು ಕಲ್ಲಿನ ತಡೆಗೋಡೆ ಇತ್ತು. ಅನ್ಯಜನಾಂಗದವರು ಅದನ್ನು ದಾಟುವಂತಿರಲಿಲ್ಲ. ದಾಟಿದರೆ ತಮ್ಮ ಮರಣಕ್ಕೆ ತಾವೇ ಹೊಣೆ ಎಂಬ ಎಚ್ಚರಿಕೆಯನ್ನು ಗ್ರೀಕ್ ಭಾಷೆಯಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದರು. ಆ ಕಲ್ಲುಗಳಲ್ಲಿ ಒಂದು 1871ರಲ್ಲಿ ದೊರೆತು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಗೋಡೆ ಬರಿಯ ಗೋಡೆಯಾಗಿರಲಿಲ್ಲ. ಎಫೆಸದ ತ್ರೊಫಿಮ ಎಂಬ ಅನ್ಯಜನಾಂಗದವನನ್ನು ಸಂತ ಪೌಲರು ಅದರಾಚೆಗೆ ಕರೆತಂದರೆಂಬ ಬರಿಯ ಸಂಶಯದ ಮೇಲೆ ಜನಜಂಗುಳಿ ಎದ್ದು ಅವರನ್ನು ಕೊಲ್ಲಹೊರಟ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನೀವೆಲ್ಲ ಓದಿದ್ದೀರಿ. ಅದೇ ಎಫೆಸದವರಿಗೆ ಬರೆದ ಪತ್ರದಲ್ಲಿ, ಕ್ರಿಸ್ತರು ಇಬ್ಬರನ್ನು ಒಂದಾಗಿಸಿ ನಡುವಣ ಅಡ್ಡಗೋಡೆಯನ್ನು ಕೆಡವಿದರೆಂದು ಹೇಳಲಾಗಿದೆ. ಇದನ್ನು ಅಲಂಕಾರದ ಮಾತೆಂದು ತಿಳಿಯಬಾರದು. ಅದರ ಹಿಂದೆ ಕೈಯಿಂದ ಮುಟ್ಟಬಹುದಾದ ಕಲ್ಲಿದೆ, ಪ್ರಾಣಾಪಾಯವಿದೆ.

ಎರಡನೆಯ ಕಲ್ಲು ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯದು. ಭೀಮಾ ತೀರದ ಆ ಗ್ರಾಮದ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯನ್ನು ಪರೀಕ್ಷಿಸಿದಾಗ ಅದರ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ ಕಂಡುಬಂತು. ಅದು ಸಾಮ್ರಾಟ ಅಶೋಕನ ಶಾಸನವಾಗಿತ್ತು. ಇದರಲ್ಲಿರುವ ಹನ್ನೆರಡನೆಯ ಶಿಲಾಶಾಸನದ ಆಶಯವನ್ನು ನಾವು ಗಮನಿಸಬೇಕು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ತೆಗಳುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ, ಆದುದರಿಂದ ನಾಲಗೆಗೆ ಸಂಯಮವಿರಲಿ, ಒಬ್ಬರ ಧರ್ಮವನ್ನು ಒಬ್ಬರು ಕೇಳಿ ಗೌರವಿಸಲಿ ಎಂಬುದು ಅದರ ಸಾರ. ಅದೇ ಕಲ್ಲಿನ ಮತ್ತೊಂದು ಭಾಗದಲ್ಲಿ ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಆ ಚಕ್ರವರ್ತಿ ಸಾರಿದ್ದಾನೆ. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ರಂಧ್ರ ಕೊರೆದಾಗ ಕೆಲವು ಅಕ್ಷರಗಳು ಅಳಿದುಹೋದವು. ಕೊರೆದವರನ್ನು ದೂಷಿಸಲಾಗದು, ಆ ಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. ಶಾಂತಿಯ ಮಾತು ನಮ್ಮ ಕಾಲಬುಡದಲ್ಲಿಯೇ ಶತಮಾನಗಳ ಕಾಲ ಓದುವವರಿಲ್ಲದೆ ಬಿದ್ದಿತ್ತು ಎಂಬುದು ಮಾತ್ರ ಆಲೋಚನೆಗೆ ಯೋಗ್ಯವಾದ ಸಂಗತಿ.

ಸೇಡಂ ತಾಲ್ಲೂಕಿನ ಮಳಖೇಡವೂ ಇಲ್ಲಿಗೆ ಸಮೀಪವಷ್ಟೇ. ಕಾಗಿಣಾ ತೀರದ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತೆಂದು ಎಣಿಸಿತು. ಹೀಗೆ ಆಡಕಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಗೆ ಶಾಂತಿಯ ಬೋಧನೆ ಹೊಸದಲ್ಲ. ಬೋಧನೆಗೂ ಬೀದಿಗೂ ನಡುವೆ ಇರುವ ಅಂತರವೇ ನಮ್ಮನ್ನು ಕಾಡುವ ಪ್ರಶ್ನೆ.

ಈ ಸೀಮೆಯ ಹಳ್ಳಿಯ ರಚನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಅಗಸಿಯ ಒಳಗೆ ಊರು, ಹೊರಗೆ ಕೇರಿ. ಊರಿಗೊಂದು ಬಾವಿ, ಕೇರಿಗೊಂದು ಬಾವಿ. ಊರವರ ಸುಡುಗಾಡು ಬೇರೆ, ಕೇರಿಯವರ ಹೂಳುವ ನೆಲ ಬೇರೆ. ಹೋಟೆಲಿನಲ್ಲಿ ಬೇರೆ ಬಟ್ಟಲು, ಕ್ಷೌರದಂಗಡಿಯಲ್ಲಿ ಮುಚ್ಚಿದ ಬಾಗಿಲು. ಇವುಗಳಲ್ಲಿ ಎಷ್ಟೋ ಅಳಿದಿವೆ, ಎಷ್ಟೋ ವೇಷ ಮರೆಸಿಕೊಂಡು ಉಳಿದಿವೆ. ಮಗುವು ಅಕ್ಷರ ಕಲಿಯುವುದಕ್ಕೆ ಮುಂಚೆಯೇ ತಾನು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಈ ರಚನೆಯಿಂದಲೇ ಕಲಿಯುತ್ತದೆ. ಊರ ಮಗುವು ತಾನು ಮೇಲೆಂದು ಕಲಿಯುತ್ತದೆ, ಕೇರಿಯ ಮಗುವು ತಾನು ಹೊರಗೆಂದು ಕಲಿಯುತ್ತದೆ. ಇಬ್ಬರಿಗೂ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈ ಪ್ರತ್ಯೇಕತೆಯನ್ನು ಅನೇಕರು ಬರಿಯ ‘ಪದ್ಧತಿ’ ಎನ್ನುತ್ತಾರೆ. ಪದ್ಧತಿಯು ಕ್ಷಣಾರ್ಧದಲ್ಲಿ ಹಿಂಸೆಯಾಗಬಲ್ಲುದು. ಕೇರಿಯು ಒಂದೆಡೆ ಗುಂಪಾಗಿ ಪ್ರತ್ಯೇಕವಾಗಿರುವುದರಿಂದಲೇ ಬೆಂಕಿ ಇಡಲು ಬರುವವನಿಗೆ ವಿಳಾಸ ಹುಡುಕುವ ಕಷ್ಟವಿಲ್ಲ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರು ಸಜೀವವಾಗಿ ದಹಿಸಲ್ಪಟ್ಟರು. ಆರೋಪಿಗಳು 2006ರಲ್ಲಿ ಬಿಡುಗಡೆ ಹೊಂದಿದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ 2014ರ ಆಗಸ್ಟ್ ತಿಂಗಳಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಬಾಗಿಲೊಂದು ಎಲ್ಲರಿಗೂ ತೆರೆದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು, ಎಷ್ಟು ಕುಟುಂಬಗಳ ಗಂಡಸರು ಸೆರೆಮನೆಯ ದಾರಿ ಹಿಡಿಯದೆ ಇರುತ್ತಿದ್ದರು! ಹೊಡೆದವನ ಮನೆಯಲ್ಲಿಯೂ ಕಣ್ಣೀರು ತರುವುದೇ ಹಿಂಸೆಯ ಲಕ್ಷಣ.

ಕೆಲವೊಮ್ಮೆ ಬೆಂಕಿಯೂ ಬೇಡ, ಗೋಡೆಯೇ ಸಾಕು. ತಮಿಳುನಾಡಿನ ಮೆಟ್ಟುಪಾಳ್ಯದ ಬಳಿಯ ನಡೂರಿನಲ್ಲಿ ದಲಿತರ ಮನೆಗಳ ಮಗ್ಗುಲಿಗೆ ಸುಮಾರು 20 ಅಡಿ ಎತ್ತರದ ಆವರಣಗೋಡೆ ನಿಂತಿತ್ತು. ಅದು ತಮ್ಮನ್ನು ದೂರವಿಡಲೆಂದೇ ಕಟ್ಟಿದ ಜಾತಿಯ ಗೋಡೆಯೆಂಬುದು ಅಲ್ಲಿನವರ ದೂರು. 2019ರ ಡಿಸೆಂಬರ್ 2ರ ಮುಂಜಾವಿನಲ್ಲಿ ಭಾರಿ ಮಳೆಗೆ ಅದು ಮಲಗಿದವರ ಮೇಲೆ ಕುಸಿದು 17 ಜನ ಪ್ರಾಣ ಬಿಟ್ಟರು.

ಇದು ಜಾತಿಯ ವಿಷಯ, ಜನಾಂಗದ್ವೇಷವೆಂಬುದು ಪರದೇಶದ ವಿಷಯ ಎಂದು ಯಾರಾದರೂ ಹೇಳಬಹುದು. ಎರಡರ ಶಾಸ್ತ್ರ ಬೇರೆ ಇರಬಹುದು, ಶಿಲ್ಪ ಮಾತ್ರ ಒಂದೇ. ದಕ್ಷಿಣ ಆಫ್ರಿಕದಲ್ಲಿ 1950ರಲ್ಲಿ ಕಾನೂನೊಂದನ್ನು ಮಾಡಿ ಪ್ರತಿಯೊಂದು ವರ್ಣದವರಿಗೂ ಪ್ರತ್ಯೇಕ ಬಡಾವಣೆಯನ್ನು ಗೊತ್ತುಪಡಿಸಿದರು. ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಬಡಾವಣೆಯಲ್ಲಿ ಹಲವು ವರ್ಣದವರು ಬೆರೆತು ಬಾಳಿದ್ದರು. 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರವೆಂದು ಸಾರಿ, ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಹೊರದೂಡಿ ಮನೆಗಳನ್ನು ನೆಲಸಮ ಮಾಡಿದರು. ಅಲ್ಲಿ ಕಾನೂನು ಮಾಡಿದ ಕೆಲಸವನ್ನು ಇಲ್ಲಿ ಸಂಪ್ರದಾಯ ಮಾಡಿತು. ವಂಶಮೂಲದಿಂದ ಬಂದ ಜಾತಿಭೇದವೂ ಜನಾಂಗಭೇದದ ವ್ಯಾಪ್ತಿಗೆ ಸೇರುತ್ತದೆಂದು ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿ 2002ರಲ್ಲಿ ಅಭಿಪ್ರಾಯಪಟ್ಟಿತು. ನಮ್ಮ ಸರ್ಕಾರ ಆ ವಾದವನ್ನು ಒಪ್ಪಿಲ್ಲ. ಹೆಸರಿನ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಹೊರಗೆ ನಿಂತವನಿಗೆ ಗೋಡೆಯ ಹೆಸರಿನಿಂದ ಏನೂ ವ್ಯತ್ಯಾಸವಾಗದು.

ವಾಡಿ ಜಂಕ್ಷನ್ನಿನ ಹತ್ತಿರ ಬಾಳುವ ನಮಗೆ ರೈಲ್ವೆಯ ನಿದರ್ಶನವೂ ಉಂಟು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆಯಿತು. ಹಳಿಯು ದೇಶವನ್ನು ಒಂದುಗೂಡಿಸಿತು ನಿಜ. ಆದರೆ ಬ್ರಿಟಿಷರ ಕಾಲದ ರೈಲ್ವೆಯಲ್ಲಿ ಯುರೋಪಿಯನ್ನರಿಗೆ ಬೇರೆ ಡಬ್ಬಿ, ಬೇರೆ ವಿಶ್ರಾಂತಿಗೃಹ. ನಿಲ್ದಾಣಗಳಲ್ಲಿ ಹಿಂದೂಗಳಿಗೊಂದು ನೀರು, ಮುಸಲ್ಮಾನರಿಗೊಂದು ನೀರು. ನೀರನ್ನು ಹಾಗೆ ಬೇರ್ಪಡಿಸಿದ ನಾಡು 1947ರಲ್ಲಿ ನೆಲವನ್ನೂ ಬೇರ್ಪಡಿಸಿಕೊಂಡಿತು. ನಮ್ಮ ಸೀಮೆಯಲ್ಲಿಯೂ 1948ರ ಗಾಯ ಆಳವಾದದ್ದು. ಮೊದಲು ರಜಾಕಾರರ ಕೈಯಲ್ಲಿ ಹಳ್ಳಿಗಳು ನೊಂದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಏನೂ ಅರಿಯದ ಮುಸಲ್ಮಾನ ಕುಟುಂಬಗಳ ಮೇಲೆ ಸೇಡು ತೀರಿತು. ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಜಿಲ್ಲೆಯನ್ನೂ ಎಣಿಸಿತು. ಭಯಗೊಂಡ ಮನುಷ್ಯನು ತನ್ನವರ ಓಣಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಬೇರೆ ಓಣಿಯಲ್ಲಿ ಬೆಳೆದ ಮಕ್ಕಳು ಒಬ್ಬರನ್ನೊಬ್ಬರು ಅರಿಯರು. ಅರಿಯದವನ ಬಗ್ಗೆ ಯಾವ ಗಾಳಿಸುದ್ದಿಯನ್ನಾದರೂ ನಂಬುವುದು ಸುಲಭ. ಒಂದು ಕಲಹವು ಇನ್ನೊಂದನ್ನು ಹೆರುವುದು ಹೀಗೆ.

ಹಾಗಾದರೆ ಧರ್ಮಸಭೆಯು ಈ ದೋಷದಿಂದ ಮುಕ್ತವೇ? ಸತ್ಯವನ್ನು ಹೇಳಲು ನಾವು ಅಂಜಬಾರದು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬಲ್ಲಿ 19ನೆಯ ಶತಮಾನದಲ್ಲಿ ಕಟ್ಟಿದ ಕಥೋಲಿಕ ದೇವಾಲಯಕ್ಕೆ ಬಲಿಪೀಠ ಒಂದೇ, ಸಭಾಂಗಣ ಮಾತ್ರ ಎರಡು. ಷರಾಯಿಯ ಎರಡು ಕಾಲುಗಳಂತೆ ಬಲಿಪೀಠದಿಂದ ಎರಡು ಕಡೆಗೆ ಚಾಚಿದ ಅಂಗಣಗಳಲ್ಲಿ ಎರಡು ಜಾತಿಯವರು ಒಬ್ಬರನ್ನೊಬ್ಬರು ಕಾಣದಂತೆ ಕುಳಿತು ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದರು. 1910ರಲ್ಲಿ ಅಲ್ಲಿನ ಅಡ್ಡಗೋಡೆಯನ್ನು ಒಡೆಯಲಾಯಿತು. ಅದಕ್ಕೆ ವಿರೋಧ ಬಂತು, ವ್ಯಾಜ್ಯವು ಮದ್ರಾಸಿನ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ದೇವಾಲಯದಲ್ಲಿ ಜಾತಿಗೊಂದು ಸ್ಥಳ ಬೇಕೆಂಬ ಹಕ್ಕನ್ನು ನ್ಯಾಯಾಲಯ ಮನ್ನಿಸಲಿಲ್ಲ. ಆ ಗೋಡೆ ಬಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲವೆಂಬುದೂ ನಿಜವೇ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಜಾತಿಭೇದವು ಧರ್ಮಸಭೆಯ ಒಳಗೂ ಇದೆಯೆಂದು ಒಪ್ಪಿ, ಅದನ್ನು ಘೋರ ಪಾಪವೆಂದು ಪರಿಗಣಿಸಿತು. ಜ್ಞಾನಸ್ನಾನದ ತೊಟ್ಟಿಯಲ್ಲಿ ಒಂದೇ ನೀರು, ಸ್ಮಶಾನದಲ್ಲಿ ಎರಡು ಮೂಲೆ ಎಂಬ ಸ್ಥಿತಿ ಎಲ್ಲಿದ್ದರೂ ಅದು ಸುವಾರ್ತೆಗೆ ವಿರುದ್ಧವಾದ ಸಾಕ್ಷ್ಯ.

ಇನ್ನು ಮಾಡತಕ್ಕದ್ದೇನು? ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1963ರಲ್ಲಿ ‘ಪಾಚೆಮ್ ಇನ್ ತೆರ್ರಿಸ್’ ಎಂಬ ಪತ್ರದಲ್ಲಿ ಶಾಂತಿಯು ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯ ಎಂಬ ನಾಲ್ಕರ ಆಧಾರದ ಮೇಲೆ ನಿಲ್ಲುತ್ತದೆಂದು ಬೋಧಿಸಿದರು. ಕಲ್ಲಿನ ಕೆಲಸ ಬಲ್ಲ ಈ ಸೀಮೆಯ ಜನರಿಗೆ ಈ ಬೋಧನೆಯನ್ನು ಮನೆ ಕಟ್ಟುವ ರೀತಿಯಲ್ಲಿಯೇ ವಿವರಿಸಬಹುದು.

ಸತ್ಯವೇ ಅಡಿಪಾಯ. ಇದ್ದುದನ್ನು ಇದ್ದಂತೆ ಹೇಳದೆ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎನ್ನುವುದು ಸಡಿಲ ಮಣ್ಣಿನ ಮೇಲೆ ಕಟ್ಟಿದಂತೆ.

ನ್ಯಾಯವೇ ಗೋಡೆ. ಕ್ಷಮಿಸು ಎಂದು ನೊಂದವನಿಗೆ ಹೇಳುವ ಮೊದಲು ಅವನ ನೀರು, ನೆಲ, ದಾರಿಗಳನ್ನು ಅವನಿಗೆ ಕೊಡಬೇಕು. ನಮ್ಮ ಸಂವಿಧಾನ ಇದನ್ನು ಬಲ್ಲದು. ಅದರ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 15ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲುಗಳನ್ನು ಒಂದೊಂದಾಗಿ ಹೆಸರಿಸಿ, ಅಲ್ಲಿ ಯಾರನ್ನೂ ತಡೆಯಕೂಡದೆಂದಿತು. ಮಹಾಡದ ಚವದಾರ ಕೆರೆಯ ನೀರನ್ನು 1927ರಲ್ಲಿ ಜನರೊಡನೆ ಮುಟ್ಟಿದ ಡಾ. ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿದ್ದುದು ಇಲ್ಲಿ ಸ್ಮರಣೀಯ. ಸಮಾನತೆಯೆಂಬುದು ಆಕಾಶದಲ್ಲಿ ತೇಲುವ ತತ್ತ್ವವಲ್ಲ, ಬಾವಿಕಟ್ಟೆಯ ಮೇಲೆ ನಿಲ್ಲುವ ಹಕ್ಕು ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು.

ಪ್ರೀತಿಯೇ ಸೂರು. ಕಾನೂನು ಬಾಗಿಲನ್ನು ತೆರೆಸಬಲ್ಲದು. ಒಳಗೆ ಬನ್ನಿರೆಂದು ಕರೆಯಿಸಲಾರದು. ಒಟ್ಟಿಗೆ ಉಂಡವರು, ಒಬ್ಬರ ಸಾವಿಗೆ ಒಬ್ಬರು ಹೆಗಲು ಕೊಟ್ಟವರು ಮಾತ್ರ ಗಾಳಿಸುದ್ದಿ ಬಂದ ದಿನ ಒಬ್ಬರ ಮನೆಗೆ ಒಬ್ಬರು ಕಾವಲು ನಿಲ್ಲುತ್ತಾರೆ.

ಸ್ವಾತಂತ್ರ್ಯವೇ ಬಾಗಿಲು. ಕೇರಿಯ ಯುವಕನು ತನ್ನ ದುಡಿಮೆಯಿಂದ ಊರೊಳಗೆ ನಿವೇಶನ ಕೊಳ್ಳಬಯಸಿದರೆ, ನಗರದಲ್ಲಿ ಬಾಡಿಗೆ ಮನೆ ಕೇಳಿದರೆ, ಹೆಸರನ್ನೂ ಊಟವನ್ನೂ ವಿಚಾರಿಸಿ ಹಿಂದಕ್ಕೆ ಕಳುಹಿಸುವ ಸಮಾಜದಲ್ಲಿ ಶಾಂತಿ ಇದೆಯೆಂದು ನಾವು ಹೇಳಲಾರೆವು. ಅಲ್ಲಿರುವುದು ಬರಿಯ ಮೌನ.

ಈ ನಾಲ್ಕು ಮಾತನ್ನು ನಮ್ಮ ಧರ್ಮಕೇಂದ್ರಕ್ಕೆ ಅನ್ವಯಿಸೋಣ. ಶತಮಾನೋತ್ಸವದ ಸ್ಮಾರಕವಾಗಿ ಸಮುದಾಯ ಭವನವೊಂದನ್ನು ಕಟ್ಟಲು ಪಾಲನಾ ಸಮಿತಿ ನಿಶ್ಚಯಿಸಿರುವುದು ಎಲ್ಲರಿಗೂ ತಿಳಿದಿದೆ. ನಕ್ಷೆಯಂತೆ ಅದರ ಬಾಗಿಲು ಹೆದ್ದಾರಿಯ ಕಡೆಗೆ. ಹಿಂಬದಿಗೆ, ಕೇರಿಯ ಕಡೆಗೆ, ಎತ್ತರದ ಆವರಣಗೋಡೆ ಬೇಕೆಂಬ ಸಲಹೆ ಬಂದಿದೆ. ದನಕರು ನುಗ್ಗುತ್ತವೆ, ಸಾಮಾನು ಕಳುವಾದೀತು ಎಂಬ ಕಾರಣಗಳನ್ನು ಕೊಟ್ಟಿದ್ದಾರೆ. ಹಾಗೆ ಹೇಳಿದವರ ಉದ್ದೇಶ ಕೆಟ್ಟದ್ದಲ್ಲ. ದನಗಳನ್ನು ತಡೆಯಲು ಎದೆಯೆತ್ತರದ ಗೋಡೆ ಸಾಕು, ಸಾಮಾನು ಕಾಯಲು ಬೀಗ ಸಾಕು. ಅದಕ್ಕಿಂತ ಎತ್ತರದ ಗೋಡೆ ಏನನ್ನು ತಡೆಯುತ್ತದೆ ಎಂಬುದನ್ನು ಸಮಿತಿಯು ಪ್ರಾರ್ಥನಾಪೂರ್ವಕವಾಗಿ ವಿಚಾರಿಸಬೇಕು. ಭಾನುವಾರ ಬಲಿಪೂಜೆಗೆ ಬರುವವರಲ್ಲಿ ಅನೇಕರು ಆ ಕಡೆಯಿಂದಲೇ ಬರುತ್ತಾರೆ. ಅವರು ಗೋಡೆಯನ್ನು ಸುತ್ತಿ ಬರಬೇಕಾದರೆ, ಪ್ರತಿ ಭಾನುವಾರವೂ ನಮ್ಮ ಪ್ರಬೋಧನೆಗೆ ಮುಂಚೆ ಗೋಡೆಯು ತನ್ನ ಪ್ರಬೋಧನೆಯನ್ನು ಮಾಡಿ ಮುಗಿಸಿರುತ್ತದೆ.

ಆದುದರಿಂದ ನಮ್ಮ ಕೋರಿಕೆಗಳು ನಾಲ್ಕು. ಭವನಕ್ಕೆ ಕೇರಿಯ ಕಡೆಗೂ ಒಂದು ಬಾಗಿಲಿರಲಿ. ಅದು ಹಿತ್ತಿಲ ಬಾಗಿಲಾಗದೆ ಮುಂಬಾಗಿಲಿನಷ್ಟೇ ಅಗಲವಾಗಿರಲಿ. ಆವರಣದ ಹೊರಗೆ ದಾರಿಹೋಕರೆಲ್ಲರಿಗೂ ಒಂದು ನೀರಿನ ನಲ್ಲಿಯಿರಲಿ. ಅಡುಗೆಮನೆಯ ಪಾತ್ರೆಗಳನ್ನು ಮದುವೆ ಯಾರದೇ ಆಗಲಿ, ಯಾವ ಧರ್ಮದವರದೇ ಆಗಲಿ, ಒಂದೇ ಬಾಡಿಗೆಗೆ ಕೊಡುವಂತಾಗಲಿ. ಸ್ಮಶಾನಭೂಮಿಯಲ್ಲಿ ಮೃತರಾದ ಅನುಕ್ರಮದಲ್ಲಿ ಸಾಲುಸಾಲಾಗಿ ಸಮಾಧಿ ಮಾಡುವ ನಿಯಮವನ್ನು ಈ ವರ್ಷವೇ ಬರವಣಿಗೆಯಲ್ಲಿ ಅಂಗೀಕರಿಸೋಣ. ಇವುಗಳಿಗೆ ಹೆಚ್ಚಿನ ಹಣ ಬೇಕಿಲ್ಲ. ಮನಸ್ಸು ಬೇಕು. ಇಂಥ ಸಣ್ಣ ಕೆಲಸಗಳಿಂದ ಜಗತ್ತಿನ ದ್ವೇಷ ನೀಗುವುದೇ ಎಂದು ಕೇಳುವವರು ಇರಬಹುದು. ದ್ವೇಷವೂ ಒಂದೇ ದಿನದಲ್ಲಿ ಬೆಳೆದದ್ದಲ್ಲ, ಒಂದೊಂದು ಕಲ್ಲಾಗಿ ಏರಿದ್ದು. ಇಳಿಸುವುದೂ ಒಂದೊಂದು ಕಲ್ಲಾಗಿಯೇ.

ಕೊನೆಗೆ ಮೂರನೆಯ ಕಲ್ಲೊಂದನ್ನು ನೆನೆಯೋಣ. ನಮ್ಮ ಶಹಾಬಾದದ ಫರಸಿ ಕಲ್ಲು ದೇಶದ ಎಷ್ಟೋ ಊರುಗಳ ನೆಲಕ್ಕೆ ಹಾಸಿದೆ. ಗುಡಿಯಲ್ಲಿದೆ, ಮಸೀದಿಯಲ್ಲಿದೆ, ರೈಲುನಿಲ್ದಾಣದಲ್ಲಿದೆ, ಈ ದೇವಾಲಯದಲ್ಲಿಯೂ ಇದೆ. ಗಣಿಯಲ್ಲಿ ಅದನ್ನು ಎಬ್ಬಿಸುವ ಕೈಗಳು ಬಹುಮಟ್ಟಿಗೆ ಬಡವರ ಕೈಗಳು. ತಾವೇ ಸೀಳಿದ ಕಲ್ಲಿನ ಮೇಲೆ ಕಾಲಿಡಲು ಅವರಿಗೆ ಎಷ್ಟೋ ಕಡೆ ಅಪ್ಪಣೆಯಿರಲಿಲ್ಲ. ಅದೇ ಕಲ್ಲನ್ನು ನಿಲ್ಲಿಸಿದರೆ ಗೋಡೆ, ಮಲಗಿಸಿದರೆ ಎಲ್ಲರೂ ನಡೆಯುವ ನೆಲ. ಜೆರುಸಲೇಮಿನ ಕಲ್ಲಿನಂತೆ ಬೆದರಿಸುವುದೋ, ಸನ್ನತಿಯ ಕಲ್ಲಿನಂತೆ ಬಾಂಧವ್ಯವನ್ನು ಸಾರುವುದೋ, ಅದನ್ನು ನಿರ್ಧರಿಸತಕ್ಕವರು ನಾವು.

ಕಟ್ಟುವವರು ತಿರಸ್ಕರಿಸಿದ ಕಲ್ಲೇ ಮೂಲೆಗಲ್ಲಾಯಿತೆಂದು ತಮ್ಮನ್ನು ಕುರಿತು ನುಡಿದ ಪ್ರಭು ಯೇಸುಕ್ರಿಸ್ತರು ನಮ್ಮ ಕೈಗಳ ಕೆಲಸವನ್ನು ಆಶೀರ್ವದಿಸಲಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ದೇವಾಲಯದ ಬಾಗಿಲಲ್ಲಿ ಯಾರೂ ತಮ್ಮ ಕುಲವನ್ನು ಹೇಳಿಕೊಳ್ಳುವ ಪ್ರಸಂಗ ಬಾರದಿರಲಿ. ಸಮಾಧಾನದ ರಾಣಿಯಾದ ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ. ಈ ಸೀಮೆಯ ಎಲ್ಲ ಮನೆಗಳಿಗೂ, ಊರಿಗೂ ಕೇರಿಗೂ, ಶಾಂತಿಯಾಗಲಿ. ಆಮೆನ್.